ಮೆಟ್ಟಿಲ ಸಂಬಂಧ

ಫಿಲಿಪೀನ್ಸಿನ ಇಲೊಯಿಲೊ ನಗರದಲ್ಲಿರುವ ನನ್ನ ಮನೋರೋಗ ಚಿಕಿತ್ಸಾಲಯದಲ್ಲಿ, ಬಂತಾಯ್ ಇಲ್ಲದೆ ಬಂದ ರೋಗಿಗೆ ಔಷಧಿ ಚೀಟಿ ಕೊಡತಕ್ಕದ್ದಲ್ಲ ಎಂಬ ನಿಯಮ ಒಂಬತ್ತು ವರ್ಷಗಳಿಂದ ಜಾರಿಯಲ್ಲಿದೆ. ನಿಯಮ ಮಾಡಿದವನು ನಾನೇ. ಆದ್ದರಿಂದ ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ.

ಬಂತಾಯ್ ಎಂದರೆ ರೋಗಿಯ ಜೊತೆಗೆ ಬಂದು, ಫೈಲು ಹಿಡಿದುಕೊಂಡು, ಬೀಸಣಿಗೆ ಬೀಸಿ, ಮನೆಯಿಂದ ತಂದ ಗಂಜಿ ಕುಡಿಸುವವರು. ನಮ್ಮಲ್ಲಿ ಹಲ್ಲು ಕೀಳಿಸಲು ಹೋದವನ ಹಿಂದೆಯೂ ಮೂರು ಜನ ಬಂತಾಯ್‌ಗಳು ಇರುತ್ತಾರೆ. ಈ ಪದ್ಧತಿಯನ್ನು ನಾನು ವೈಜ್ಞಾನಿಕಗೊಳಿಸಿದೆ. ಒಬ್ಬ ರೋಗಿಗೆ ನಾನು ಕೊಡುವುದು ಆರು ನಿಮಿಷ, ಮುಗಿದೊಡನೆ ಮೇಜಿನ ಗಂಟೆ ಹೊಡೆಯುತ್ತೇನೆ. ರೋಗಿಗಳೋ, ಬಾಯಿ ಬಿಟ್ಟರೆ ಅಜ್ಜಿಯ ಮದುವೆಯಿಂದ ಶುರು ಮಾಡುತ್ತಾರೆ. ಬಂತಾಯ್‌ಗಳಿಗೆ ಜೀಪ್ನಿ ಬಸ್ಸು ಹಿಡಿಯುವ ಅವಸರ, ಬೇಗ ಮುಗಿಸುತ್ತಾರೆ. ಅವರಿಗಾಗಿ ನಮೂನೆಯಲ್ಲಿ ಮೂರೇ ಪ್ರಶ್ನೆ ಇಟ್ಟೆ: ಉಣ್ಣುತ್ತಾರೆಯೇ? ನಿದ್ದೆ ಮಾಡುತ್ತಾರೆಯೇ? ಮಾತಾಡುತ್ತಾರೆಯೇ? ಮಧ್ಯೆ ರೋಗಿ ಬಾಯಿ ಹಾಕಿದರೆ "ದಯವಿಟ್ಟು ಅಡ್ಡ ಮಾತಾಡಬೇಡಿ" ಎನ್ನುತ್ತಿದ್ದೆ. ಮೂರನೆಯ ವರ್ಷ ಒಂದು ತಿದ್ದುಪಡಿ ತಂದೆ: ಬಂತಾಯ್ ಹಾಜರಿದ್ದಲ್ಲಿ ರೋಗಿಯ ಹಾಜರಿ ಅನಗತ್ಯ. ಅಲ್ಲಿಂದ ಚಿಕಿತ್ಸೆ ಬಹಳ ಸುಗಮವಾಗಿ ಸಾಗಿತು.

ಹೀಗಿರುವಾಗ ಒಂದು ಗುರುವಾರ ನಾಂಗ್ ಮೆದಿಂಗ್ ಒಬ್ಬರೇ ಬಂದರು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು, ವಯಸ್ಸು ಅರವತ್ತಮೂರು, ಊರಿಗೆಲ್ಲ ನಾಂಗ್, ಅಂದರೆ ಅಕ್ಕ. ಅದುವರೆಗೆ ಬಂತಾಯ್ ಆಗಿದ್ದ ತಂಗಿ ಆ ತಿಂಗಳು ತೀರಿಕೊಂಡಿದ್ದಳು. ಮಾತ್ರೆ ಶನಿವಾರದವರೆಗೆ ಮಾತ್ರ ಇತ್ತು. ಹಿಂದೊಮ್ಮೆ ಮಾತ್ರೆ ತಪ್ಪಿದಾಗ ತಾವೇ ಹೊಲಿದ ಹನ್ನೊಂದು ಸಮವಸ್ತ್ರಗಳ ಹೊಲಿಗೆ ಬಿಚ್ಚಿ, ತುಂಡುಗಳನ್ನು ರಸ್ತೆಯುದ್ದಕ್ಕೂ ಹಾಸಿದ್ದರು.

"ಬಂತಾಯ್ ಎಲ್ಲಿ, ನಾಂಗ್?" ಎಂದಳು ನನ್ನ ಕಾರ್ಯದರ್ಶಿ ಪುರಿತಾ.

"ಮಣ್ಣಾದ್ಳಲ್ಲಮ್ಮ. ನೀನೇ ಬಂದಿದ್ದೆಯಲ್ಲ, ಹೂವು ತಗೊಂಡು."

"ಬಂದಿದ್ದೆ ನಾಂಗ್, ತುಂಬಾ ಬೇಜಾರಾಯ್ತು. ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."

"ಇದ್ದೋಳು ಅವಳೊಬ್ಳೇ. ನಾನು ಹೆಂಗಿದೀನಿ ಅಂತ ನಾನೇ ಹೇಳ್ತೀನಿ, ಬರ್ಕೋ."

"ರೋಗಿ ಮಾತು ನಮೂನೇಲಿ ಬರ್ಕೊಳ್ಳೋ ಹಾಗಿಲ್ಲ ನಾಂಗ್. ಡಾಕ್ಟ್ರ ರೂಲು."

ಇದೆಲ್ಲ ಬಾಗಿಲ ಹಿಂದಿದ್ದ ನನಗೆ ಕೇಳಿಸಿತು. ಎದ್ದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ. ಆದರೆ ಡಾ. ರೊಸೆಂದೊ ಗುಂಬಾನ್ ಎಂದು ನನ್ನ ಕೈಯಾರೆ ಸಹಿ ಮಾಡಿದ ನಿಯಮವನ್ನು ಮುರಿಯಲು ನಾನ್ಯಾರು? ನಾಚಿಕೆಯಾಯಿತು, ನಿಜ ಹೇಳುತ್ತೇನೆ. ನಾಚಿಕೆಗೆ ನಮೂನೆಯಲ್ಲಿ ಅಂಕಣವಿಲ್ಲದ್ದರಿಂದ ಮತ್ತೆ ಕುಳಿತುಕೊಂಡೆ.

ನಾಂಗ್ ಮೆದಿಂಗ್ ಕೆಳಗಿಳಿದು ಹೋದರು. ಕಾಲು ಗಂಟೆಯಲ್ಲಿ ಒಬ್ಬ ಗಂಡಸಿನೊಂದಿಗೆ ವಾಪಸು ಬಂದರು. ಅವನು ಜೀಪ್ನಿ ಓಡಿಸುವ ಕ್ರಿಸ್ಪುಲೊ, ನನ್ನದೇ ರೋಗಿ. ಬಂತಾಯ್ ಇಲ್ಲವೆಂದು ಹಿಂದಿನ ವಾರ ವಾಪಸು ಕಳಿಸಿದ್ದೆವು. ಅಂದಿನಿಂದ ದಿನಾ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದನಂತೆ.

"ನಾನು ಇವರ ಬಂತಾಯ್, ಇವರು ನನ್ನ ಬಂತಾಯ್," ಎಂದ ಕ್ರಿಸ್ಪುಲೊ.

"ಸಂಬಂಧ ಏನು? ಇಲ್ಲಿ ಬರೀಬೇಕು," ಎಂದಳು ಪುರಿತಾ.

"ಮೆಟ್ಟಿಲ ಮೇಲೆ ಸಿಕ್ಕಿದ್ದು."

ಪುರಿತಾ ಯೋಚಿಸಿ, ಸಂಬಂಧ ಎಂಬಲ್ಲಿ 'ಮೆಟ್ಟಿಲು' ಎಂದು ಬರೆದಳು. ಅಂಕಣ ಖಾಲಿ ಇರಬಾರದೆಂಬುದಷ್ಟೇ ನಿಯಮ. ಇಬ್ಬರಿಗೂ ಚೀಟಿ ಕೊಟ್ಟೆ. ಆದರೆ ಪ್ರಶ್ನೆಗಳಿಗೆ ಇಬ್ಬರೂ ತಬ್ಬಿಬ್ಬಾದರು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ಸರಿಯಾಗಿ ತಿಳಿದುಕೊಂಡು ಬರತಕ್ಕದ್ದು ಎಂದು ಎಚ್ಚರಿಕೆ ಕೊಟ್ಟು ಕಳಿಸಿದೆ.

ನನ್ನ ಎಚ್ಚರಿಕೆಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ಪಾಲಿಸಿದರು. ತಪ್ಪು ಹೇಳಿದರೆ ಚೀಟಿ ಸಿಗದು ಎಂದು ಹೆದರಿ ಆಕೆ ದಿನಾ ಫೋನು ಮಾಡಿ ಊಟವಾಯಿತೇ ಎಂದು ಕೇಳಿದರು. ಅವನು ಜೀಪ್ನಿಯನ್ನು ಆಕೆಯ ಮನೆ ಮುಂದೆ ನಿಲ್ಲಿಸಿ, ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತದೆಯೇ ಎಂದು ನೋಡಿ ಹೋದ. ಸುದ್ದಿ ಹಬ್ಬಿ, ಅಕ್ಕ ತಮ್ಮ ಹೆಂಡತಿ ಇದ್ದ ರೋಗಿಗಳು ಕೂಡ ಅವರನ್ನು ಬಿಟ್ಟು ಮೆಟ್ಟಿಲಿನವರನ್ನೇ ಕರೆತರತೊಡಗಿದರು. ಮೂರು ಪ್ರಶ್ನೆಗಳಿಗೂ ನಿಜವಾದ ಉತ್ತರ ಬರತೊಡಗಿತು. ಹಲವರ ಮಾತ್ರೆಯ ಪ್ರಮಾಣ ಇಳಿಸಬೇಕಾಯಿತು. ಇದು ನನ್ನ ಚಿಕಿತ್ಸೆಯ ಫಲವೆಂದು ವೈದ್ಯರ ಸಮ್ಮೇಳನದಲ್ಲಿ ಪ್ರಬಂಧ ಓದಿ, ಒಂದು ಫಲಕವನ್ನೂ ಎರಡು ಡಬ್ಬಿ ಬಿಸ್ಕೋಚೊ ರಸ್ಕನ್ನೂ ಪಡೆದೆ.

ಆ ಫಲಕ ಮನೆಗೆ ಬಂದಾಗಿನಿಂದ ನನ್ನ ನಿದ್ದೆ ಹಾರಿಹೋಯಿತು. ಫಲಕದ ತಪ್ಪೇನಿಲ್ಲ, ಅದನ್ನು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೆ. ನಲವತ್ತು ದಿನ ತಡೆದುಕೊಂಡೆ. ವೈದ್ಯ ತನಗೆ ತಾನೇ ಚೀಟಿ ಬರೆದುಕೊಳ್ಳುವುದು ಸಭ್ಯತೆಯಲ್ಲ ಎಂದು ಪ್ಲಾಜಾದ ಆಚೆ ಬದಿಯಲ್ಲಿರುವ ಸಹಪಾಠಿ ಡಾ. ಸೊಬ್ರೆವೇಗರ ಚಿಕಿತ್ಸಾಲಯಕ್ಕೆ ಹೋದೆ. ಗೋಡೆಯ ಮೇಲೆ, ಸಮ್ಮೇಳನದಲ್ಲಿ ನಾನು ಹಂಚಿದ್ದ ನನ್ನದೇ ನಿಯಮ, ನನ್ನದೇ ಸಹಿ ಸಮೇತ, ಚೌಕಟ್ಟು ಹಾಕಿಸಿ ತೂಗುಹಾಕಿದ್ದರು.

"ಡಾಕ್ಟ್ರೇ, ನಿಮ್ಮ ಬಂತಾಯ್?" ಎಂದಳು ಅಲ್ಲಿನ ಹುಡುಗಿ, ಬಹಳ ಗೌರವದಿಂದ.

ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಕೊನೆಗೆ ಹೋಗಿ ನನ್ನದೇ ಮೆಟ್ಟಿಲ ಮೇಲೆ ಕುಳಿತೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ನಾಂಗ್ ಮೆದಿಂಗ್ ಕುಳಿತಿದ್ದರು.

"ಏನ್ ಡಾಕ್ಟ್ರೇ, ದಾರಿ ತಪ್ಪಿ ಬಂದ್ರಾ? ನಿಮ್ಮ ಕುರ್ಚಿ ಮೇಲಿದೆ."

"ನನಗೂ ಒಬ್ರು ಬೇಕು, ನಾಂಗ್."

ಆಕೆ ನಗಲಿಲ್ಲ. ಬುಟ್ಟಿ ಎತ್ತಿಕೊಂಡು, "ನಡೀರಿ" ಎಂದರು.

ಡಾ. ಸೊಬ್ರೆವೇಗರು ನಮೂನೆ ತೆಗೆದು ಆಕೆಯನ್ನೇ ಕೇಳಿದರು. ಉಣ್ಣುತ್ತಾರೆಯೇ?

"ನಿಂತ್ಕೊಂಡು ಉಣ್ತಾರೆ. ಶರ್ಟಿನ ಮುಂಭಾಗಾನೇ ಹೇಳತ್ತೆ, ನೋಡಿ. ನಿದ್ದೆ ಇಲ್ಲ. ಒಂದು ತಿಂಗಳ ಮೇಲಾಯ್ತು, ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹಾಕ್ಕೊಂಡು ಬರ್ತಾರೆ."

ಮಾತಾಡುತ್ತಾರೆಯೇ?

"ಮಾತಾಡ್ತಾರೆ. ಆರು ನಿಮಿಷ. ಆಮೇಲೆ ಗಂಟೆ ಹೊಡೀತಾರೆ."

"ಅದು ಹಾಗಲ್ಲ..." ಎಂದು ನಾನು ಬಾಯಿ ತೆರೆದೆ.

"ರೊಸೆಂದೊ, ದಯವಿಟ್ಟು ಅಡ್ಡ ಮಾತಾಡಬೇಡಿ," ಎಂದರು ಡಾ. ಸೊಬ್ರೆವೇಗ.

ಚೀಟಿ ಸಿಕ್ಕಿತು. ಸಂಬಂಧ ಎಂಬಲ್ಲಿ 'ಮೆಟ್ಟಿಲು' ಎಂದು ದಾಖಲಾಯಿತು. ನಿಯಮದ ತಿದ್ದುಪಡಿಯ ಪ್ರಕಾರ ಮುಂದಿನ ಭೇಟಿಗಳಿಗೆ ನನ್ನ ಹಾಜರಿ ಅನಗತ್ಯವೆಂದೂ ಕೆಳಗೆ ಮುದ್ರೆ ಒತ್ತಿದರು.

ಆದ್ದರಿಂದ ಈಗ ತಿಂಗಳಿಗೊಮ್ಮೆ ನಾಂಗ್ ಮೆದಿಂಗ್ ಒಬ್ಬರೇ ಪ್ಲಾಜಾ ದಾಟಿ ಹೋಗುತ್ತಾರೆ. ಎಲ್ಲವೂ ನಿಯಮದಂತೆ ನಡೆಯುತ್ತಿದೆ, ಯಾರ ದೂರೂ ಇಲ್ಲ. ಇಂದೂ ಹೋಗಿದ್ದಾರೆ. ನಾನು ಗಂಜಿ ಬಿಸಿಗಿಟ್ಟು, ಎರಡು ಬಟ್ಟಲು ತೊಳೆದು, ಮನೆಯ ಬಾಗಿಲ ಬಳಿ ಕುಳಿತಿದ್ದೇನೆ. ಅವರು ಬಂದ ಮೇಲೆ, ನಾನು ಹೇಗಿದ್ದೇನೆಂದು ಕೇಳಬೇಕು.