ಏಣಿ ವ್ಯಾಜ್ಯದಲ್ಲಿ ಕೈಗೊಂಡ ಮಿತವ್ಯಯ ಕ್ರಮಗಳು

ಮಧ್ಯಸ್ಥಿಕೆಯು ಕೋರ್ಟಿಗಿಂತ ಅಗ್ಗವಾದುದು ಎಂದು ಸಾರ್ವಜನಿಕರಿಗೆ ಈಗಾಗಲೇ ತಿಳಿಯಪಡಿಸಲಾಗಿದೆ. ಬಡಗಿಗೂ ತಿಳಿಯಪಡಿಸಲಾಗಿತ್ತು. ಆದ್ದರಿಂದಲೇ ಅವನು ಒಂದು ಬೆಳಿಗ್ಗೆ ಏಣಿಯ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಹೆಂಡತಿಯ ತಮ್ಮನಿಗೆ ಹಿಡಿಸಿ ಮಧ್ಯಸ್ಥಿಕಾ ಕೇಂದ್ರದ ಮೆಟ್ಟಿಲು ಹತ್ತಿದ.

ವ್ಯಾಜ್ಯ ಸರಳವಾಗಿತ್ತು. ಭಾಮೈದ ಗೋಡೆಗೆ ಬಣ್ಣ ಹೊಡೆಯುವವನು. ಇಬ್ಬರೂ ಒಂದೇ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಏಣಿಗೆ ಮರ ತಂದದ್ದು ಅವನು, ಏಣಿ ಮಾಡಿದ್ದು ಬಡಗಿ. ಒಂದು ದಿನ ಅದು ಇಬ್ಬರಿಗೂ ಒಟ್ಟಿಗೇ ಬೇಕಾಯಿತು.

"ನೀನು ತಂದಿದ್ದು ಸೌದೆ ಕಣೋ. ಏಣಿ ಮಾಡಿದ್ದು ನಾನು" ಎಂದ ಬಡಗಿ.

"ಮರ ಇಲ್ದಿದ್ರೆ ಗಾಳೀಲಿ ಮಾಡ್ತಿದ್ರಾ ಭಾವ?" ಎಂದ ಭಾಮೈದ.

ಅಂದಿನಿಂದ ಇಬ್ಬರಿಗೂ ಮಾತುಕತೆ ನಿಂತುಹೋಯಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಂತಿದ್ದ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಉಣ್ಣತೊಡಗಿದರು. ಒಳಗೊಳಗೇ ಬಡಗಿಗೆ ಅನ್ನ ಇಳಿಯುತ್ತಿರಲಿಲ್ಲ.

ಮಧ್ಯಸ್ಥರು ಬಹಳ ಮೃದು ಮಾತಿನ ಹಿರಿಯರು. "ನೋಡಿ, ವ್ಯಾಜ್ಯ ಆಮೇಲೆ. ಮೊದಲು ಖರ್ಚು ಹಿಡಿತದಲ್ಲಿರಬೇಕು" ಎಂದು ಹೇಳಿ, ತಕ್ಷಣವೇ ಒಬ್ಬ ವೆಚ್ಚ ನಿಯಂತ್ರಣಾಧಿಕಾರಿಯನ್ನು ನೇಮಿಸಿದರು. ಅವರ ಸಂಬಳವನ್ನು ಉಭಯ ಪಕ್ಷದವರೂ ಸಮನಾಗಿ ಭರಿಸತಕ್ಕದ್ದು ಎಂದಾಯಿತು. ಮೂಗಿಗಿಂತ ಮೂಗುತಿ ಭಾರವಾಯಿತೇನೋ ಎಂದು ಬಡಗಿಗೆ ಒಂದು ಕ್ಷಣ ಅನ್ನಿಸಿತು.

"ಹಿಡಿಯೋರೇ ಇಲ್ದೆ ಖರ್ಚು ಹಿಡಿತಕ್ಕೆ ಹೇಗ್ರೀ ಬರುತ್ತೆ?" ಎಂದು ಅಧಿಕಾರಿ ಕೇಳಿದರು. ಅದೂ ಸರಿಯೇ ಎಂದು ಬಡಗಿ ತಲೆ ತೂಗಿದ.

ಅಧಿಕಾರಿ ಸುಮ್ಮನೆ ಕೂರುವವರಲ್ಲ. ಯಾರನ್ನೂ ಕೂರಲು ಬಿಡುವವರೂ ಅಲ್ಲ. ಅತಿ ದೊಡ್ಡ ಖರ್ಚೆಂದರೆ ಮಧ್ಯಸ್ಥರ ಸಿಟ್ಟಿಂಗ್ ಶುಲ್ಕ ಎಂದು ಕಂಡುಹಿಡಿದು, ಅದೇ ದಿನ ಆದೇಶ ಹೊರಡಿಸಿದರು: "ಇನ್ನು ಮುಂದೆ ಎಲ್ಲ ವಿಚಾರಣೆಗಳನ್ನೂ ನಿಂತುಕೊಂಡೇ ನಡೆಸತಕ್ಕದ್ದು." ಸಿಟ್ಟಿಂಗ್ ಶುಲ್ಕ ಸೊನ್ನೆಗಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಂತು ನಿಂತು ಮಧ್ಯಸ್ಥರಿಗೆ ಮಂಡಿ ನೋವು ಬಂದದ್ದರಿಂದ ಮಂಜೂರಾದ ಮಂಡಿ ಭತ್ಯೆಯು ಹಳೆಯ ಶುಲ್ಕದ ಎರಡರಷ್ಟಿತ್ತು, ನಿಜ. ಆದರೆ ಅದು ಶುಲ್ಕವಲ್ಲ, ಭತ್ಯೆ.

ಮುಂದಿನ ಉಳಿತಾಯ ಸಾಕ್ಷಿಗಳದ್ದು. ಎರಡೂ ಕಡೆಗೆ ಒಬ್ಬರೇ ಸಾಕ್ಷಿ ಸಾಕೆಂದು ಬಡಗಿಯ ಹೆಂಡತಿಯನ್ನು ಕರೆಸಲಾಯಿತು. ಆಕೆ ಹೆಂಡತಿಯ ನೆಲೆಯಲ್ಲಿ ಏಣಿ ಗಂಡನದೆಂದೂ, ಅಕ್ಕನ ನೆಲೆಯಲ್ಲಿ ಅದು ತಮ್ಮನದೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ನಿಮ್ಮ ಸ್ವಂತ ಅಭಿಪ್ರಾಯ ಏನು ತಾಯಿ?" ಎಂದರು ಮಧ್ಯಸ್ಥರು.

"ಇಬ್ಬರಿಗೂ ಚೆನ್ನಾಗಿ ಉಗಿದು ಮನೆಗೆ ಕಳಿಸಿ ಸ್ವಾಮಿ. ಸಂಜೆ ಹೊತ್ತಿಗೆ ಸರಿಹೋಗ್ತಾರೆ."

ಅಧಿಕಾರಿಯ ಕಿವಿ ನೆಟ್ಟಗಾಯಿತು. "ಅದಕ್ಕೆ ಎಷ್ಟು ಖರ್ಚಾಗಬಹುದು?"

"ಖರ್ಚೇನು ಬಂತು? ಏನೂ ಇಲ್ಲ."

ಅಧಿಕಾರಿ ನಿರಾಸೆಯಿಂದ ತಲೆಯಾಡಿಸಿದರು. ವೆಚ್ಚವೇ ಇಲ್ಲದ ಪರಿಹಾರವು ವೆಚ್ಚ ನಿಯಂತ್ರಣದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಸದರಿ ಸಲಹೆಯನ್ನು ತಿರಸ್ಕರಿಸಲಾಯಿತು.

ಹೀಗೆ ಉಳಿಸಿ ಉಳಿಸಿ ಬಡಗಿಯ ಕೈ ಬರಿದಾಯಿತು. ಉಳಿ, ಗರಗಸ ಮಾರುವ ಕಾಲ ಬಂದಾಗ ಅವನು ವಿಚಾರಣೆಯ ನಡುವೆಯೇ ಕೈಮುಗಿದ. "ಇನ್ನು ನನ್ನ ಕೈಲಾಗಲ್ಲ ಸ್ವಾಮಿ. ಏಣಿ ಅವನೇ ಇಟ್ಕೊಳ್ಳಲಿ."

ಭಾಮೈದನ ಮುಖ ಸಣ್ಣದಾಯಿತು. ಎಷ್ಟೋ ದಿನಗಳ ಮೇಲೆ ಅವನು ಭಾವನ ಕಡೆ ನೇರವಾಗಿ ನೋಡಿದ. "ಬೇಡ ಭಾವ. ನನಗೆ ಬೇಡ. ನೀವೇ ಇಟ್ಕೊಳ್ಳಿ."

"ನೀನು ಇಟ್ಕೊಳ್ಳೋ."

"ಸಾಧ್ಯವೇ ಇಲ್ಲ, ನೀವೇ."

"ದಯವಿಟ್ಟು ಶಾಂತರಾಗಿ" ಎಂದರು ಅಧಿಕಾರಿ. ಏಣಿ ಯಾರದು ಎಂಬುದು ಹಳೆಯ ವ್ಯಾಜ್ಯ. ಏಣಿ ಯಾರದಲ್ಲ ಎಂಬುದು ಹೊಸ ವ್ಯಾಜ್ಯ. ಎರಡಕ್ಕೂ ಬೇರೆ ಬೇರೆ ವಿಚಾರಣೆ ಎಂದರೆ ದುಂದು. ಆದುದರಿಂದ ಎರಡನ್ನೂ ಸೇರಿಸಿ, ಮೊದಲಿನಿಂದ ಆರಂಭಿಸಲಾಯಿತು.

ಇಬ್ಬರ ಮೇಲೂ ಏರಿದ್ದ ಕೇಂದ್ರದ ಬಾಕಿ ತೀರಿಸುವ ದಾರಿಯನ್ನೂ ಅಧಿಕಾರಿಯೇ ತೋರಿಸಿದರು. ವೆಚ್ಚ ನಿಯಂತ್ರಣ ವಿಭಾಗಕ್ಕೆ ಸಿಬ್ಬಂದಿ ಹೆಚ್ಚಾಗಿ ಹೊಸ ಕೋಣೆಗಳು ಬೇಕಾಗಿದ್ದವು. ಹೊರಗಿನವರಿಂದ ಮಾಡಿಸಿದರೆ ದುಬಾರಿ. ಬಾಗಿಲು, ಕಪಾಟು ಬಡಗಿಗೆ, ಬಣ್ಣ ಭಾಮೈದನಿಗೆ. ಏಣಿ ಕೇಂದ್ರದ ವಶದಲ್ಲಿದ್ದುದರಿಂದ ಅದನ್ನು ಇಬ್ಬರಿಗೂ ಬಾಡಿಗೆಗೆ ಕೊಡಲಾಯಿತು. ಒಬ್ಬ ಹತ್ತಿದಾಗ ಇನ್ನೊಬ್ಬ ಕೆಳಗೆ ನಿಂತು ಹಿಡಿಯುತ್ತಿದ್ದ. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಅಷ್ಟು ನೆಮ್ಮದಿಯ ಕೆಲಸ ಬಡಗಿ ತನ್ನ ಜನ್ಮದಲ್ಲೇ ಮಾಡಿರಲಿಲ್ಲ.

ಒಮ್ಮೆ ಮಧ್ಯಸ್ಥರು ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದರು: "ಇನ್ನು ತೀರ್ಪು ಕೊಟ್ಟುಬಿಡೋಣವೇ?"

ಎಲ್ಲರೂ ಹೊಸ ಕಪಾಟುಗಳ ಕಡೆ ನೋಡಿದರು. ತೀರ್ಪು ಬಂದರೆ ಖರ್ಚು ನಿಲ್ಲುತ್ತದೆ. ಖರ್ಚು ನಿಂತರೆ ಅದನ್ನು ನಿಯಂತ್ರಿಸುವ ಇಷ್ಟು ಜನ ಏನು ಮಾಡಬೇಕು? ಇಷ್ಟೆಲ್ಲ ಕಪಾಟು ಯಾತಕ್ಕೆ?

"ಬೇಡ ಸ್ವಾಮಿ" ಎಂದ ಬಡಗಿ. "ಅದು ಸುಮ್ಮನೆ ದಂಡದ ಖರ್ಚು."

ತೀರ್ಪನ್ನು ಮಿತವ್ಯಯದ ದೃಷ್ಟಿಯಿಂದ ಕೈಬಿಡಲಾಯಿತು.

ಮರುವಾರ ಒಬ್ಬ ಕ್ಷೌರಿಕ ತನ್ನ ಅಣ್ಣನೊಡನೆ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಇಬ್ಬರೂ ಮುಖ ಊದಿಸಿಕೊಂಡಿದ್ದರು. "ಇಲ್ಲಿ ಖರ್ಚು ಜಾಸ್ತಿ ಆಗುತ್ತಾ ಅಣ್ಣಾ?" ಎಂದು ಕ್ಷೌರಿಕ ಬಡಗಿಯನ್ನು ಕೇಳಿದ.

"ಛೆ ಛೆ, ಎಲ್ಲಾ ಹಿಡಿತದಲ್ಲಿದೆ, ಬನ್ನಿ ಬನ್ನಿ" ಎಂದು ಅವರನ್ನು ಒಳಗೆ ಬಿಟ್ಟು, ಬಡಗಿ ಎದುರಿನ ಖಾಲಿ ಗೋಡೆಯಲ್ಲಿ ಇನ್ನೊಂದು ಬಾಗಿಲಿಗೆ ಅಳತೆ ತೆಗೆಯತೊಡಗಿದ.