ಗಿರಿಜಾಳ ನಾಲ್ಕು ದಿನದ ಶಾಲೆ

ಟೈಮ್‌ಟೇಬಲ್ ಬರೆಯುವುದರಲ್ಲಿ ನನ್ನಷ್ಟು ಸುಖ ಪಡುವವರು ಕಡಿಮೆ. ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾದ ನನಗೆ ಪಾಠ ಮಾಡುವುದಕ್ಕಿಂತ, ಯಾವ ಪಾಠ ಯಾವಾಗ ಎಂದು ಸ್ಕೇಲ್ ಇಟ್ಟು ಗೆರೆ ಎಳೆಯುವುದರಲ್ಲೇ ಉತ್ಸಾಹ ಜಾಸ್ತಿ. ಹಾಗಾಗಿ ಐದನೇ ಕ್ಲಾಸಿನ ಮಗಳು ಅಕ್ಷತಾ ನ್ಯಾಮತಿಯ ಸೋದರತ್ತೆಯ ಮನೆಯಲ್ಲಿ ಕಾಂಪೌಂಡ್ ಹತ್ತಿ, ಬಿದ್ದು, ಕಾಲು ಮುರಿದುಕೊಂಡು ಬಂದಾಗ ತಂದೆಗೆ ಆಗಬೇಕಾದ ಸಂಕಟವೆಲ್ಲ ಆಯಿತು. ಮಾರನೇ ದಿನವೇ ಬಣ್ಣದ ಪೆನ್ನು ಹುಡುಕಿದ್ದೂ ನಿಜ. ಬೇಸಿಗೆ ರಜೆಯವರೆಗೆ ಅವಳು ಮನೆಯಲ್ಲೇ ಇರಬೇಕು ಎಂದಿದ್ದರು ಡಾಕ್ಟರು. ಪಾಠವನ್ನೆಲ್ಲ ಮನೆಯಲ್ಲೇ ಮುಗಿಸಿ, ಶಾಲೆ ಶುರುವಾದಾಗ ಒಂದು ಪರೀಕ್ಷೆ ಪಾಸಾದರೆ ಆರಕ್ಕೆ, ಇಲ್ಲದಿದ್ದರೆ ಮತ್ತೆ ಐದಕ್ಕೇ ಎಂದರು ಅವಳ ಶಾಲೆಯ ಹೆಡ್ ಮಾಸ್ಟರು. ಗೆಳತಿಯರೆಲ್ಲ ಮುಂದೆ ಹೋಗಿ ತಾನೊಬ್ಬಳೇ ಹಿಂದೆ ಉಳಿಯುವುದನ್ನು ನೆನೆದು ಮಗು ಕಾಲುನೋವಿಗೂ ಅಳದಷ್ಟು ಅತ್ತಳು.

ನನ್ನ ಟೈಮ್‌ಟೇಬಲ್ ಸಿದ್ಧವಾಯಿತು. ವಾರಕ್ಕೆ ಏಳು ದಿನ, ದಿನಕ್ಕೆ ಏಳು ಪಿರಿಯಡ್. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಹುಡುಗಿಗೆ ದೈಹಿಕ ಶಿಕ್ಷಣವನ್ನೂ ಇಟ್ಟಿದ್ದೆ. ನನ್ನ ಹೆಂಡತಿ ಗಿರಿಜಾ ಬಿ.ಎಸ್ಸಿ. ಓದಿದವಳು, ಮದುವೆಗೆ ಮುಂಚೆ ಹೊನ್ನಾಳಿಯಲ್ಲಿ ಟ್ಯೂಷನ್ ಹೇಳುತ್ತಿದ್ದವಳು. ಅದನ್ನೊಮ್ಮೆ ನೋಡಿ, ಮೂರು ದಿನ ಹೊಡೆದುಹಾಕಿದಳು. ನಮ್ಮ ಮನೆ ಸಂತೇಬೆನ್ನೂರಿನ ಸಂತೆಯ ಮಗ್ಗುಲಲ್ಲೇ ಇದೆ. ಮೊದಲು ಹೋದದ್ದು ಸಂತೆಯ ದಿನ: ಅವತ್ತು ಸುತ್ತಲಿನ ಹಳ್ಳಿಗಳ ನೆಂಟರೆಲ್ಲ ಚೀಲ ಇಡಲು ಒಮ್ಮೆ, ತೆಗೆದುಕೊಂಡು ಹೋಗಲು ಇನ್ನೊಮ್ಮೆ ಬರುತ್ತಾರೆ; ಬಂದವರೆಲ್ಲ ಮಗಳ ಪ್ಲಾಸ್ಟರ್ ಮುಟ್ಟಿ ನೋಡಿ, ತಮ್ಮ ಕಡೆಯವರ ಮುರಿದ ಕೈಕಾಲುಗಳ ಕಥೆ ಹೇಳದೆ ಏಳುವುದಿಲ್ಲ. ಸೋಮವಾರವನ್ನು ತೆಗೆಸಿದವಳು ನನ್ನ ಅವ್ವ.

"ಸೋಮವಾರ ಎತ್ತಿಗೇ ನೊಗ ಹಾಕಲ್ಲ ನಾವು," ಎಂದಳು ಅವ್ವ. "ಕೂಸಿಗೆ ಹಾಕಾಕೆ ಬಂದೀಯೇನೋ?"

ಇದಕ್ಕೆ ಇಲಾಖೆಯ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ಇನ್ನು ಭಾನುವಾರ ಯಾಕೆ ರಜ ಎಂದು ಕೇಳಿದೆ. ಅವತ್ತು ನೀವು ಇಡೀ ದಿನ ಮನೆಯಲ್ಲಿರುತ್ತೀರಲ್ಲ ಎಂದಳು ಗಿರಿಜಾ.

ವಾರಕ್ಕೆ ನಾಲ್ಕೇ ದಿನದಲ್ಲಿ ಇಷ್ಟೆಲ್ಲ ಹೇಗೆ ಮುಗಿಯುತ್ತದೆಂದು ನಾನು ಪಾಠಗಳನ್ನು ಎಣಿಸುತ್ತಾ ಕೂತೆ. ಆದರೆ ಅವಳು ಮಾಡಿದ್ದನ್ನು ನೋಡಿ ಬೆರಗಾದೆ. ಪ್ರತಿ ಪಾಠದ ಕೊನೆಯ ಪ್ರಶ್ನೆಗಳನ್ನು ಮೊದಲೇ ಕೇಳಿಬಿಡುತ್ತಿದ್ದಳು. ಮಗಳಿಗೆ ಬಂದದ್ದನ್ನು ಬಿಟ್ಟು, ಬಾರದ್ದನ್ನಷ್ಟೇ ಹಿಡಿದು ಕೂರುತ್ತಿದ್ದಳು. ಅರ್ಧ ಪುಸ್ತಕ ಹೀಗೇ ಹಗುರಾಯಿತು. ನಾನಾದರೋ ಇಷ್ಟು ವರ್ಷ ಮಕ್ಕಳಿಗೆ ಏನು ಗೊತ್ತಿದೆ ಎಂದು ಕೇಳಿದವನೇ ಅಲ್ಲ. ಮೊದಲ ಪುಟದಿಂದ ಶುರುಮಾಡುವುದೇ ನನಗೆ ಗೊತ್ತಿದ್ದ ಶಿಸ್ತು. ಹೆಂಡತಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಸಂಜೆಯ ಗಣಿತ ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಭಿನ್ನರಾಶಿ ಹೇಳಿಕೊಡುವ ಮೊದಲು ಸೊನ್ನೆ ಹುಟ್ಟಿದ್ದು ಹೇಗೆ ಎಂಬಲ್ಲಿಂದ ಹಿಡಿದೆ. ಮೂರನೇ ಸಂಜೆ ನಾನಿನ್ನೂ ಸೊನ್ನೆಯಲ್ಲೇ ಇದ್ದೆ. ಮಗಳು ನಿದ್ದೆ ಹೋಗಿದ್ದಳು. ಗಿರಿಜಾ ಮೆಲ್ಲನೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ರೀ, ನಿಮ್ಗೆ ಬ್ಯಾರೆ ಕೆಲಸ ಐತೆ. ಪಾಠದ ಹೊತ್ನಾಗೆ ಅವ್ವ ಮಂಡಕ್ಕಿ ತಗೊಂಡು ಒಳಗೆ ಬರ್ತಾರೆ. ಅವರನ್ನ ಕಟ್ಟೆ ಮ್ಯಾಲೆ ಕೂರಿಸ್ಕೊಂಡು ಮಾತಾಡಿಸ್ತಾ ಇರ್ರಿ."

ಅಂದಿನಿಂದ ಪ್ರತಿ ಸಂಜೆ ನಾನೂ ಅವ್ವನೂ ಹೊರಗೆ ಕೂತು ಮಂಡಕ್ಕಿ ತಿಂದೆವು. ಒಳಗಿನಿಂದ ಭಿನ್ನರಾಶಿಯ ನಡುವೆ ನಗು ಕೇಳುತ್ತಿತ್ತು. ಗಣಿತದ ಪಿರಿಯಡ್ಡಿನಲ್ಲಿ ಮಕ್ಕಳು ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಶಾಲೆ ಶುರುವಾಯಿತು, ಪರೀಕ್ಷೆಯೂ ಬಂತು. ಅಕ್ಷತಾ ಕುಂಟುತ್ತಾ ಹೋಗಿ ಹೆಡ್ ಮಾಸ್ಟರ ಎದುರು ಕೂತು ಬರೆದಳು. ನಾವಿಬ್ಬರೂ ಗೋಡೆಗೆ ಒರಗಿ ನಿಂತಿದ್ದೆವು. ಗಿರಿಜಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೆಡ್ ಮಾಸ್ಟರು ಉತ್ತರಗಳನ್ನು ಒಂದೊಂದಾಗಿ ನೋಡಿ, ಕನ್ನಡಕ ತೆಗೆದು, ಲೆಕ್ಕದ ಮೇಷ್ಟ್ರ ಮಗಳು ಎಂದಮೇಲೆ ಕೇಳಬೇಕೇ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅಲ್ಲ ಎನ್ನಲು ಬಾಯಿ ತೆರೆದಿದ್ದೆ ಎಂದೇ ಇವತ್ತಿಗೂ ಹೇಳಿಕೊಳ್ಳುತ್ತೇನೆ.

"ಅಪ್ಪ ಪಾಠ ಮಾಡ್ಲಿಲ್ಲ ಸರ್," ಎಂದಳು ಮಗಳು. "ಅದಕ್ಕೇ ನಾಕು ದಿನ ಸಾಕಾತು."

ಹೆಡ್ ಮಾಸ್ಟರು ಬಹಳ ಹೊತ್ತು ನಕ್ಕು, ಆರನೇ ಕ್ಲಾಸು ಎಂದು ಬರೆದು ಸಹಿ ಹಾಕಿದರು. ಆ ಸಹಿ ಅವಳು ಬರೆದ ಉತ್ತರಗಳಿಗೋ, ಈ ಉತ್ತರಕ್ಕೋ ಎಂದು ನಾನು ಕೇಳಲು ಹೋಗಲಿಲ್ಲ.