ಕದಿರೇಶನಿಗೊಂದು ಬಾಬಾಗಾಡಿ

ಶಾಮಲಮ್ಮ: ಇದಕ್ಕೆ ಕಟ್ಟೋಕೆ ಎತ್ತು ಎಲ್ಲಿಂದ ತರ್ತೀರಿ?

ಸುಬ್ಬರಾಯಪ್ಪ: ಎತ್ತು ಕಟ್ಟೋ ಗಾಡಿ ಅಲ್ಲ ಕಣೇ. ಮಗೂನ ಕೂರಿಸಿ ಕೈಯಲ್ಲಿ ತಳ್ಳೋದು. ಎಷ್ಟು ಸಲ ಹೇಳ್ಲಿ?

ಶಾಮಲಮ್ಮ: ಇಷ್ಟೆತ್ತರ ಚಕ್ರ, ಮೇಲೊಂದು ಕಮಾನು! ಕುರುಡುಮಲೆ ದೊಡ್ಡ ಗಣಪ ಕೂತ್ರೂ ಜಾಗ ಮಿಕ್ಕುತ್ತೆ. ಒಂದು ಲಾಂದ್ರ ನೇತು ಹಾಕಿದ್ರೆ ಮುಳಬಾಗಿಲಿಗೆ ಬಾಡಿಗೆ ಹೊಡೀಬಹುದು.

ಸುಬ್ಬರಾಯಪ್ಪ: ಚಿನ್ನದ ಗಣಿ ದೊರೆ ಮಗು ಕೂತಿದ್ದ ಗಾಡಿ ಇದು. ಸ್ವಲ್ಪ ತಿಳ್ಕೊಂಡು ಮಾತಾಡು.

ಶಾಮಲಮ್ಮ: ದೊರೆ ಮಗು ಕೂತಿತ್ತು ಅಂತ ನನ್ನ ಮಗ ಕೂತ ತಕ್ಷಣ ಇಂಗ್ಲಿಷ್ ಮಾತಾಡಿಬಿಡ್ತಾನೇನು?

ಕೋಲಾರದ ದೊಡ್ಡಪೇಟೆಯಲ್ಲಿ ನಜೀರ್ ಅಹಮದನ ಹಳೆ ಸಾಮಾನಿನ ಅಂಗಡಿ. ಲಡಾಯಿ ಮುಗಿದ ಮೇಲೆ ಗಣಿಯ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಟಿದ್ದರು. ಅವರು ಬಿಟ್ಟುಹೋದ ಕುರ್ಚಿ, ಕನ್ನಡಿ, ಹೂಜಿಗಳೆಲ್ಲ ಇಲ್ಲಿಗೆ ಬಂದು ಬೀಳುತ್ತಿದ್ದವು. ಈ ಸಲ ಎರಡು ಬಾಬಾಗಾಡಿ ಬಂದಿದ್ದವು. ಅದನ್ನು ಕೇಳಿದ್ದೇ ತಡ, ಕಛೇರಿ ಗುಮಾಸ್ತ ಸುಬ್ಬರಾಯಪ್ಪ ಕೋಟು ಹಾಕಿಕೊಂಡು, ತಾಯಿ ದೊಡ್ಡಗಂಗಮ್ಮನನ್ನೂ ಹೆಂಡತಿ ಶಾಮಲಮ್ಮನನ್ನೂ ಮುಂದೆ ಮಾಡಿಕೊಂಡು ಬಂದಿದ್ದ.

ಮಗ ಕದಿರೇಶನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ರಾಗಿ ಮೂಟೆಯ ಹಾಗಿದ್ದ. ಅವನನ್ನು ಹೊತ್ತು ಹೊತ್ತು ಶಾಮಲಮ್ಮನ ಸೊಂಟ ಬಿದ್ದುಹೋಗಿತ್ತು. ಗಂಡ ಮನೆಯೊಳಗಾದರೆ ಮಗನನ್ನು ಎತ್ತಿ ಕುಣಿಸಿಯಾನು, ಹೊಸ್ತಿಲು ದಾಟಿದ ಮೇಲೆ ಮುಟ್ಟುವವನಲ್ಲ. ಕೋಟು ತೊಟ್ಟ ಗಂಡಸು ಬೀದಿಯಲ್ಲಿ ಮಗು ಎತ್ತಿಕೊಂಡರೆ ಕಛೇರಿಯಲ್ಲಿ ಅವನ ಮಾತಿಗೆ ಬೆಲೆ ಇರುವುದಿಲ್ಲವಂತೆ. ಈಗ ಇದ್ದ ಬೆಲೆ ಎಂಥದೋ, ಕೊಟ್ಟ ಪುಣ್ಯಾತ್ಮ ಯಾರೋ! ಮೊನ್ನೆ ಮಾಲೂರಿನಿಂದ ಬರುವಾಗ, ಬಸ್ಸು ಇಳಿದಲ್ಲಿಂದ ಮನೆಯವರೆಗಾದರೂ ಹಿಡಿದುಕೊಳ್ಳಿ ಎಂದು ಅವಳು ಬೇಡಿಕೊಂಡಿದ್ದಳು. ಅದಕ್ಕೆ ಅವನು ಕೊಟ್ಟ ಉತ್ತರವೇ ಈ ಗಾಡಿ. ಹೆಂಡತಿ ಕೇಳಿದ್ದು ಎರಡು ತೋಳು, ಗಂಡ ತೋರಿಸುತ್ತಿರುವುದು ನಾಲ್ಕು ಚಕ್ರ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ನಜೀರ್: ದೊಡ್ಡದು ಬೇಡ ಅಂದ್ರೆ ಇದು ನೋಡಿ ಅಮ್ಮಾವ್ರೇ. ಬೆತ್ತದ್ದು, ಹಗುರ. ಮಡಚಿ ಮಂಚದ ಕೆಳಗೆ ಇಡಬೋದು.

ಶಾಮಲಮ್ಮ: ಇದೇನು ಸಾಬ್ರೇ, ಕೋಳಿ ಪಂಜರಕ್ಕೆ ಗಾಲಿ ಹಾಕಿದ್ದೀರಾ? ನಮ್ಮವನು ಕೂತ್ರೆ ಬುಡ ಕಳಚ್ಕೊಂಡು ಬೀಳುತ್ತೆ.

ಸುಬ್ಬರಾಯಪ್ಪ: ಅದಕ್ಕೇ ದೊಡ್ಡದು ಅಂದಿದ್ದು ನಾನು!

ಶಾಮಲಮ್ಮ: ದೊಡ್ಡದು ನಮ್ಮನೆ ಬಾಗಿಲಲ್ಲಿ ಹಿಡಿಸುತ್ತಾ? ಒಂದು ಮೊಳ ಎತ್ತರದ ಹೊಸ್ತಿಲು. ಆಮೇಲೆ ಚರಂಡಿ ಮೇಲಿನ ಚಪ್ಪಡಿ. ಆಮೇಲೆ ಪಕ್ಕದ್ಮನೆ ಚಿಕ್ಕಗಂಗಮ್ಮನ ಎಮ್ಮೆ. ಅದು ಬೀದಿಗೆ ಅಡ್ಡ ಮಲಗಿದ್ರೆ ಅಮಲ್ದಾರರು ಬಂದ್ರೂ ಏಳಲ್ಲ.

ಸುಬ್ಬರಾಯಪ್ಪ: ಎಮ್ಮೆಗೆ ಹೆದರಿ ಯಾರಾದ್ರೂ ಗಾಡಿ ತಗೊಳ್ಳೋದು ಬಿಡ್ತಾರೇನೇ?

ಶಾಮಲಮ್ಮ: ದೊರೆಗಳಿಗೆ ಬಂಗಲೆ, ಹೂವಿನ ತೋಟ, ನುಣ್ಣನೆ ರಸ್ತೆ. ನಮಗೆ ಎಮ್ಮೆ. ಮನೆ ನೋಡ್ಕೊಂಡು ಗಾಡಿ ತಗೋಬೇಕೋ, ಗಾಡಿ ತಗೊಂಡು ಅದಕ್ಕೆ ತಕ್ಕ ಮನೆ ಹುಡುಕ್ಬೇಕೋ ನೀವೇ ಹೇಳಿ.

ಸುಬ್ಬರಾಯಪ್ಪ ಬಗ್ಗಿ ಚಕ್ರ ಒತ್ತಿ ನೋಡಿದ. ಚಕ್ರದ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ.

ಸುಬ್ಬರಾಯಪ್ಪ: ಸಾಬ್ರೇ, ರಬ್ಬರು ಗಟ್ಟಿ ಇದೆಯೇನ್ರಿ?

ನಜೀರ್: ಲಡಾಯಿಗೆ ಮುಂಚಿನ ರಬ್ಬರು ಸ್ವಾಮಿ! ಈಗ ಲಾರಿಗೂ ಇಂಥದು ಸಿಗಲ್ಲ. ಸ್ಪ್ರಿಂಗ್ ನೋಡಿ. ಗುಂಡಿ ಬಂದ್ರೂ ಮಗೂಗೆ ಗೊತ್ತಾಗಲ್ಲ.

ಶಾಮಲಮ್ಮ: ತಳ್ಳೋರಿಗೆ ಗೊತ್ತಾಗುತ್ತಲ್ಲ. ರೀ, ಇದನ್ನ ತಳ್ಳೋರು ಯಾರು?

ಸುಬ್ಬರಾಯಪ್ಪ: ದೊರೆಗಳ ಮನೇಲಿ ಆಯಾ ತಳ್ತಾಳೆ.

ಶಾಮಲಮ್ಮ: ನಮ್ಮನೇಲಿ ಆಯಾ ಯಾರು?

ಸುಬ್ಬರಾಯಪ್ಪ: ಅದೂ... ಹೆಂಗಸರ ಕೆಲಸ ಹೆಂಗಸರೇ ಮಾಡ್ಬೇಕಪ್ಪ.

ಶಾಮಲಮ್ಮ: ಅಂದ್ರೆ ಇಷ್ಟು ದಿನ ಹೊತ್ತೆ, ಇನ್ಮೇಲೆ ತಳ್ಬೇಕು. ತಾವೇನು ಮಾಡ್ತೀರಿ?

ಸುಬ್ಬರಾಯಪ್ಪ: ಪಕ್ಕದಲ್ಲಿ ನಡ್ಕೊಂಡು ಬರ್ತೀನಿ.

ಶಾಮಲಮ್ಮ: ಅಯ್ಯಯ್ಯೋ, ಬೇಡ ಬಿಡಿ! ಅಷ್ಟೊಂದು ಆಯಾಸ ಯಾಕೆ ಮಾಡ್ಕೋತೀರಿ?

ಮಾತು ಎಲ್ಲಿಗೋ ಹೋಗುತ್ತಿದೆ, ವ್ಯಾಪಾರ ಕೆಡುತ್ತದೆ ಎಂದು ನಜೀರ್ ಅಹಮದ್ ದೊಡ್ಡ ಗಾಡಿಯ ಹಿಡಿ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಿ ತೋರಿಸಿದ. ಬೆಂಚಿನ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ದೊಡ್ಡಗಂಗಮ್ಮ ಎದೆ ಹೊಡೆದುಕೊಂಡು ಎದ್ದಳು.

ದೊಡ್ಡಗಂಗಮ್ಮ: ಏಯ್, ನಿಲ್ಸಪ್ಪಾ, ನಿಲ್ಸು! ಖಾಲಿ ತೊಟ್ಟಿಲು ತೂಗ್ತಿದ್ದೀಯಲ್ಲ, ನನ್ನ ಮೊಮ್ಮಗ ಚೆನ್ನಾಗಿರೋದು ಬೇಡ್ವಾ ನಿನಗೆ?

ಸುಬ್ಬರಾಯಪ್ಪ: ತೊಟ್ಟಿಲಲ್ಲ ಕಣಮ್ಮ, ಗಾಡಿ ಅದು.

ದೊಡ್ಡಗಂಗಮ್ಮ: ಮಗು ಮಲಗುತ್ತಾ ಇದರಲ್ಲಿ?

ಸುಬ್ಬರಾಯಪ್ಪ: ಮಲಗುತ್ತೆ.

ದೊಡ್ಡಗಂಗಮ್ಮ: ತೂಗಿದ್ರೆ ತೂಗುತ್ತಾ?

ಸುಬ್ಬರಾಯಪ್ಪ: ತೂಗುತ್ತೆ.

ದೊಡ್ಡಗಂಗಮ್ಮ: ಮತ್ತೆ ತೊಟ್ಟಿಲು ಅನ್ನದೆ ಪಲ್ಲಕ್ಕಿ ಅಂತಾರೇನೋ? ಮಗು ಇಲ್ಲದ ತೊಟ್ಟಿಲು ತೂಗಬಾರದು. ಚಕ್ರ ಹಾಕಿಬಿಟ್ರೆ ಶಾಸ್ತ್ರ ಬದಲಾಗುತ್ತಾ?

ಸುಬ್ಬರಾಯಪ್ಪ: ಸಾಬ್ರೇ, ನೀವಾದ್ರೂ ಹೇಳ್ರೀ.

ನಜೀರ್: ನಾನೇನು ಹೇಳ್ಲಿ ಸ್ವಾಮಿ? ನಮ್ಮಮ್ಮಾನೂ ಒಳಮನೆಯಿಂದ ಇದನ್ನೇ ಹೇಳಿ ಬಯ್ತಾ ಇರ್ತಾರೆ.

ಹಾಗಾದರೆ ಮಗುವನ್ನೇ ಕೂರಿಸೋಣ ಎಂದು ಸುಬ್ಬರಾಯಪ್ಪ ಹೆಂಡತಿಗೆ ಕಣ್ಸನ್ನೆ ಮಾಡಿದ. ಅಂಗಡಿಯ ಒಳಗೂ ಅವನು ಮುಟ್ಟಲಿಲ್ಲ ನೋಡಿ! ಶಾಮಲಮ್ಮ ಕೂರಿಸಿದಳು. ಕದಿರೇಶ ಮೈಯೆಲ್ಲ ಸೆಟೆದು, ತಾಯಿಯ ಜಡೆಯನ್ನು ಎರಡು ಕೈಯಲ್ಲೂ ಹಿಡಿದು ಕಿರುಚಿದ ಕಿರುಚಿಗೆ ಎದುರು ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಮತ್ತೆ ಸೊಂಟಕ್ಕೇ ಬಂದ.

ಸುಬ್ಬರಾಯಪ್ಪ: ಹೊಸದಲ್ವಾ. ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ.

ಶಾಮಲಮ್ಮ: ಇವತ್ತು ಮನೆ ತನಕ ಏನು ಮಾಡ್ತೀರಿ? ಜಟಕಾದಲ್ಲಿ ಇದು ಹಿಡಿಸಲ್ಲ. ಬರಿದಾಗಿ ತಳ್ಳೋ ಹಾಗಿಲ್ಲ.

ದೊಡ್ಡಗಂಗಮ್ಮ: ಗುಂಡುಕಲ್ಲು ಇಟ್ಟು ತಳ್ಳಿ. ನಾಮಕರಣದ ದಿನ ಮಗೂಗಿಂತ ಮುಂಚೆ ಗುಂಡಪ್ಪನನ್ನ ತೊಟ್ಟಿಲಿಗೆ ಹಾಕ್ಲಿಲ್ವಾ? ಹಂಗೇ.

ಸುಬ್ಬರಾಯಪ್ಪ: ದೊಡ್ಡಪೇಟೆ ನಡುವೆ ಕಲ್ಲು ಕೂರಿಸ್ಕೊಂಡು ಹೋಗೋದೇನಮ್ಮಾ?

ದೊಡ್ಡಗಂಗಮ್ಮ: ಕಲ್ಲಲ್ಲ ಕಣೋ, ಗುಂಡಪ್ಪ!

ನಜೀರ್ ಅಹಮದ್ ಸಂತೋಷದಿಂದ ಒಳಗೆ ಓಡಿ, ಹೆಂಡತಿ ಖುರ್ಷೀದ್ ಬೇಗಂ ಮಸಾಲೆ ಅರೆಯುತ್ತಿದ್ದ ಗುಂಡುಕಲ್ಲನ್ನೇ ತೊಳೆದು ತಂದುಕೊಟ್ಟ. ದೊಡ್ಡಗಂಗಮ್ಮ ಅದಕ್ಕೆ ಕುಂಕುಮ ಇಟ್ಟು, ಮೊಮ್ಮಗನ ಕುಲಾವಿ ತೊಡಿಸಿ ಗಾಡಿಯಲ್ಲಿ ಮಲಗಿಸಿದಳು. ಗುಂಡಪ್ಪ ಅಳಲಿಲ್ಲ.

ಶಾಮಲಮ್ಮ ಕಲ್ಲನ್ನು ನೋಡಿದಳು, ಗಾಡಿಯ ಹಿಡಿಯನ್ನು ನೋಡಿದಳು, ಗಂಡನ ಕೋಟನ್ನು ನೋಡಿದಳು. ತಲೆಯಲ್ಲಿ ಏನೋ ಹೊಳೆದು ಮುಖದಲ್ಲಿ ನಗು ಬಂತು.

ಶಾಮಲಮ್ಮ: ಸಾಬ್ರೇ, ದೊಡ್ಡದೇ ಇರ್ಲಿ.

ಸುಬ್ಬರಾಯಪ್ಪ: ಈಗ ಬಂತು ನೋಡು ಬುದ್ಧಿ!

ಶಾಮಲಮ್ಮ: ಬಂತು. ಮಗೂನ ಹಿಡ್ಕೊಳಿ.

ಸುಬ್ಬರಾಯಪ್ಪ: ಯಾರು, ನಾನಾ?

ಶಾಮಲಮ್ಮ: ಇದನ್ನ ತಳ್ಳೋಕೆ ಎರಡು ಕೈ ಬೇಕು. ನನಗಿರೋದೇ ಎರಡು.

ಸುಬ್ಬರಾಯಪ್ಪ: ಅಮ್ಮ ಎತ್ಕೋತಾಳೆ.

ದೊಡ್ಡಗಂಗಮ್ಮ: ಈ ಮಂಡಿ ನೋವಲ್ಲಿ ನನ್ನನ್ನೇ ಯಾರಾದ್ರೂ ಎತ್ಕೋಬೇಕು, ಹೋಗೋ.

ಸುಬ್ಬರಾಯಪ್ಪ: ಒಬ್ಬ ಕೂಲಿಯವನು...

ದೊಡ್ಡಗಂಗಮ್ಮ: ಮಗೂ ತೊಟ್ಟಿಲು ಕಂಡೋರ ಕೈಗೆ ಕೊಡ್ತೀಯಾ?

ಸುಬ್ಬರಾಯಪ್ಪ: ಹಾಳಾಗ್ಲಿ, ಗಾಡಿ ನಾನೇ ತಳ್ತೀನಿ. ನೀನು ಮಗೂನ ಎತ್ಕೊಂಡೇ ಬಾ.

ಶಾಮಲಮ್ಮ: ಆಗ್ಲಿ. ಗುಂಡಪ್ಪನಿಗೆ ಬಿಸಿಲು ತಾಗದ ಹಾಗೆ ಕಮಾನು ಹಾಕ್ಕೊಂಡು, ನಿಧಾನವಾಗಿ ತಳ್ಳಿ. ಗಡಿಯಾರದ ಗೋಪುರದ ಹತ್ರ ಯಾರಾದ್ರೂ ಕೇಳಿದ್ರೆ, ನಮ್ಮನೆ ಆಯಾ ಇವತ್ತು ಬಂದಿಲ್ಲ ಅನ್ನಿ.

ಸುಬ್ಬರಾಯಪ್ಪ ಕುಲಾವಿ ತೊಟ್ಟ ಕಲ್ಲನ್ನು ಒಮ್ಮೆ ನೋಡಿದ, ಮಗನನ್ನು ಒಮ್ಮೆ ನೋಡಿದ. ಆಮೇಲೆ ತೆಪ್ಪಗೆ ಕೈ ಚಾಚಿದ. ಕದಿರೇಶ ಒಂದೇ ನೆಗೆತಕ್ಕೆ ಅಪ್ಪನ ಕುತ್ತಿಗೆಗೆ ಜೋತುಬಿದ್ದು, ಕೋಟಿನ ಕಾಲರಿಗೆ ಜೊಲ್ಲು ಸುರಿಸಿ ಕೇಕೆ ಹಾಕಿದ. ಶಾಮಲಮ್ಮ ಬೆನ್ನು ನೆಟ್ಟಗೆ ಮಾಡಿದಳು. ಅಬ್ಬಾ, ಎಷ್ಟು ತಿಂಗಳಾಗಿತ್ತು! ಅವಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ನುಣ್ಣಗೆ ಉರುಳುವ ಗಾಡಿಯನ್ನು ತಳ್ಳಿಕೊಂಡು ಪೇಟೆಯ ನಟ್ಟನಡುವೆ ಹೊರಟಳು. ಗಂಡ ಮುಖ ಮರೆಸಿಕೊಳ್ಳಲು ಮಗನನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದ.

ಗಡಿಯಾರದ ಗೋಪುರ ಇನ್ನೂ ದೂರವಿತ್ತು. ಎದುರಿಗೆ ಕಛೇರಿಯ ಶಿರಸ್ತೇದಾರರೇ ಬಂದುಬಿಟ್ಟರು. ನಿಂತು, ಕನ್ನಡಕ ಸರಿಮಾಡಿಕೊಂಡು, ಗಾಡಿಯೊಳಗೆ ಬಗ್ಗಿ ನೋಡಿದರು.

ಶಿರಸ್ತೇದಾರರು: ಏನ್ರೀ ಸುಬ್ಬರಾಯಪ್ಪ! ಕಲ್ಲು ಗಾಡಿಯಲ್ಲಿ, ಮಗು ಕೈಯಲ್ಲಿ! ಹಾಗಾದ್ರೆ ಈ ಗಾಡಿ ಯಾತಕ್ಕೆ ತಗೊಂಡ್ರಿ?

ಸುಬ್ಬರಾಯಪ್ಪ ಬಾಯಿ ತೆರೆದ. ಮಗ ಅದರೊಳಗೆ ಕೈ ತುರುಕಿದ. ಶಾಮಲಮ್ಮ ಸೆರಗು ಸರಿಮಾಡಿಕೊಂಡಳು.

ಶಾಮಲಮ್ಮ: ಮಗೂನ ಅವರಪ್ಪ ಎತ್ಕೊಳ್ಳಲಿ ಅಂತ ತಗೊಂಡ್ವಿ ಸ್ವಾಮಿ. ಒಳ್ಳೇ ಮಾಲು, ತಗೊಂಡ ಗಳಿಗೆಯಿಂದ್ಲೇ ಕೆಲಸ ಮಾಡ್ತಾ ಇದೆ.